ಮೊದ್ಲು ಮುಳ್ಳು ನೋಡ್ರಿ

ರಸ್ತೆ ಬದಿಯಲ್ಲಿ ಹಳೆ ಬುಲೆಟ್ ನಿಲ್ಲಿಸಿ ಎರಡು ಸಲ ಕಿಕ್ ಹೊಡೆದು ನೋಡಿ. ಮೂರನೇ ಕಿಕ್ಕಿಗೆ ಗಾಡಿ ಚಾಲೂ ಆಗದೇ ಇರಬಹುದು, ಜನ ಮಾತ್ರ ಚಾಲೂ ಆಗಿರುತ್ತಾರೆ. ನಮ್ಮ ಕಲಬುರಗಿಯಲ್ಲಂತೂ ಇದಕ್ಕೆ ಬರ ಇಲ್ಲ. ಸೂಪರ್ ಮಾರ್ಕೆಟ್ ಇರಲಿ, ಹುಮನಾಬಾದ್ ಬೇಸ್ ಇರಲಿ, ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಒಬ್ಬರು ಬರುತ್ತಾರೆ. "ಪ್ಲಗ್ ಹೋಗ್ಯಾದ ನೋಡ್ರಿ." ಅವರ ಹಿಂದೆ ಇನ್ನೊಬ್ಬರು. "ಪ್ಲಗ್ ಅಲ್ರಿ, ಕಾಯಿಲ್ ಬದ್ಲಿ ಮಾಡ್ರಿ. ನಮ್ಮ ಮಾಮಾನ ಗಾಡಿಗೂ ಹಿಂಗೇ ಆಗಿತ್ತು." ಮೂರನೆಯವರು ಏನೂ ಹೇಳದೆ ಬಂದು ಟ್ಯಾಂಕ್ ಅಲ್ಲಾಡಿಸಿ ಪೆಟ್ರೋಲ್ ಸದ್ದಿಗೆ ಕಿವಿ ಕೊಡುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಬೇಕಾದರೆ ಬಿಸಿಲಲ್ಲಿ ತಳ್ಳುವುದಕ್ಕೂ ಕೈ ಹಾಕುತ್ತಾರೆ. ಆದರೆ ಗಮನಿಸಿದ್ದೀರಾ? ಪ್ರತಿಯೊಬ್ಬರೂ ಹೇಳುವುದು ಏನನ್ನು ಬದಲಾಯಿಸಬೇಕು ಅಂತ. ಗಾಡಿ ಯಾವಾಗ ನಿಂತಿತು, ತಣ್ಣಗಿದ್ದಾಗಲಾ ಕಾದ ಮೇಲಾ, ನಿಲ್ಲುವ ಮುಂಚೆ ಏನು ಸದ್ದು ಮಾಡಿತು, ಕೀಲಿ ತಿರುವಿದರೆ ಮೀಟರಿನ ಮುಳ್ಳು ಎಲ್ಲಿಗೆ ಹೋಗುತ್ತದೆ, ಇದನ್ನು ಯಾರೂ ಕೇಳುವುದಿಲ್ಲ.

ನೋಡುವುದಕ್ಕಿಂತ ಮೊದಲು ಬದಲಾಯಿಸುವುದೇ ಯಾಕೆ ನಮಗೆ ನೆನಪಾಗುತ್ತದೆ? ಕಾಕಾನ ಬುಲೆಟ್ ಒಂದು ಬೇಸಿಗೆಯಿಡೀ ಕಾಡಿದಾಗಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಅದು ಪಾಯಿಂಟ್ ಕಾಲದ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಬರುವ ಮುಂಚಿನ 350. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೋರ್ (ಸಿಲಿಂಡರಿನ ಅಗಲ) 70 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90, ಅಂದರೆ 346 ಸಿಸಿ. ಮದ್ರಾಸಿನಲ್ಲಿ 1955ರಲ್ಲಿ ಜೋಡಿಸಲು ಶುರು ಮಾಡಿದ ಇಂಜಿನ್ನಿನ ಅದೇ ಅಳತೆ, ಅದೇ ಮುಖ. ಚಳಿಗಾಲದಲ್ಲಿ ಕಾಕಾ ಅದನ್ನು ಪೂರ್ತಿ ರೆಡಿ ಮಾಡಿಸಿದ್ದರು. ಹೊಸ ಬಣ್ಣ, ಹೊಸ ಸೀಟು, ಹೊಸ ವೈರಿಂಗ್, ಹೊಸ ಪಾಯಿಂಟ್, ಹೊಸ ಕಂಡೆನ್ಸರ್. ಹಳೇದೆಲ್ಲ ಕಿತ್ತು ಹಾಕಿಸಿದ್ದರಿಂದ ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂತ ಅವರ ಲೆಕ್ಕ. ಏಪ್ರಿಲ್ ಬಂದ ಮೇಲೆ ಲೆಕ್ಕ ತಪ್ಪಿತು.

ಬೆಳಿಗ್ಗೆ ಒಂದೇ ಕಿಕ್ಕು

ಬೆಳಿಗ್ಗೆ ಗಾಡಿ ಬಂಗಾರ. ಒಂದೇ ಕಿಕ್ಕಿಗೆ ಏಳುತ್ತದೆ, ಆರಾಮಾಗಿ ಓಡುತ್ತದೆ. ಅರ್ಧ ಗಂಟೆ ಓಡಿ ಇಂಜಿನ್ ಕಾಯಿತು ಅಂದರೆ ರಗಳೆ ಶುರು. ಮೊದಲು ಒಂದೆರಡು ಮಿಸ್. ಆಮೇಲೆ ಸೈಲೆನ್ಸರಿನಲ್ಲಿ ಫಟ್ ಅಂತ ಒಂದು ಸಿಡಿತ. ಎಕ್ಸಿಲೇಟರ್ ತಿರುವಿದಷ್ಟೂ ಗಾಡಿ ಹಿಂದಕ್ಕೆ ಜಗ್ಗುತ್ತದೆ. ಕೊನೆಗೆ ಬಂದ್. ಅಷ್ಟು ಹೊತ್ತಿಗೆ ಇಂಜಿನ್ ಮೇಲೆ ಒಂದು ಹನಿ ನೀರು ಬಿದ್ದರೂ ಚುರ್ ಅನ್ನುತ್ತಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿಯ ಗಾಳಿಯೇ 42, 43 ಡಿಗ್ರಿ ಮುಟ್ಟುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬುಲೆಟ್‌ಗೆ ತಣ್ಣಗಾಗಲು ಇರುವುದು ಇದೇ ಗಾಳಿ ತಾನೇ.

ಒಂದು ಸಲ ಹುಮನಾಬಾದಿನ ಮದುವೆಗೆ ಹೊರಟೆವು. ಕಾಕಾ ಮುಂದೆ, ಬಟ್ಟೆ ಚೀಲ ಹಿಡಿದು ನಾನು ಹಿಂದೆ. ಬಸ್ಸಿಗೆ ಹೋಗೋಣ ಕಾಕಾ ಅಂದರೆ ಕೇಳಲಿಲ್ಲ. ಬೀಗರ ಮುಂದೆ ಹೊಸ ಬಣ್ಣದ ಗಾಡಿ ನಿಲ್ಲಬೇಕಿತ್ತು. ಮಹಾಗಾಂವ್ ಕ್ರಾಸ್ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಫಟ್. ಎರಡೂ ಕಡೆ ತೊಗರಿ ಕಿತ್ತು ಖಾಲಿ ಬಿದ್ದ ಹೊಲ, ನಡುವೆ ಒಂದು ಬೇವಿನ ಗಿಡ. ಗಾಡಿಯನ್ನು ನೆರಳಿಗೆ ತಳ್ಳಿ ಪ್ಲಗ್ ಬಿಚ್ಚಿದೆವು. ಪ್ಲಗ್ ಹಸಿಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಅದನ್ನು ಹೆಡ್ಡಿನ ಮೇಲೆ ಒರಗಿಸಿ ಕಿಕ್ ಹೊಡೆದರೆ ಸ್ಪಾರ್ಕ್ ಬಂತು. ಆದರೆ ಹಳದಿ ಬಣ್ಣದ ಬಡಕಲು ಸ್ಪಾರ್ಕ್. ಅಷ್ಟರಲ್ಲಿ ಬೈಕ್ ಮೇಲೆ ಬಂದ ಹುಡುಗನೊಬ್ಬ ನಿಂತ. ತನ್ನ ಗಾಡಿಯ ಡಿಕ್ಕಿಯಿಂದ ಪ್ಲಗ್ ಒಂದನ್ನು ತೆಗೆದು ಕೊಟ್ಟ. ಬುಲೆಟ್ ಪ್ಲಗ್ಗೇ. ಅವರ ಮನೆಯಲ್ಲೂ ಒಂದು ಇತ್ತಂತೆ. ಅದನ್ನು ಹಾಕಿ ಕಿಕ್ ಹೊಡೆದೆವು, ಆಗಲಿಲ್ಲ. ಮಾತಾಡುತ್ತಾ ಕೂತೆವು. ಅವನ ಊರು, ನಮ್ಮ ಊರು, ಮಳೆ, ತೊಗರಿ ರೇಟು. ಬಹಳ ಹೊತ್ತಾದ ಮೇಲೆ ಕಾಕಾ ಎದ್ದು, ನೋಡೋಣ ಅಂತ ಒಂದು ಕಿಕ್ ಹೊಡೆದರು. ಗಾಡಿ ಎದ್ದಿತು.

"ನಾ ಹೇಳ್ಲಿಲ್ಲೇನ್ರಿ, ಪ್ಲಗ್ಗೇ ಅದ ಅಂತ!" ಹುಡುಗನಿಗೆ ಬಹಳ ಖುಷಿ. ಕಾಕಾ ಅವನ ಬೆನ್ನು ತಟ್ಟಿ, ಬೇಡ ಅಂದರೂ ಪ್ಲಗ್ಗಿನ ರೊಕ್ಕ ಜೇಬಿಗೆ ತುರುಕಿದರು. ಕಮಲಾಪುರ ದಾಟುವ ಹೊತ್ತಿಗೆ ಮತ್ತೆ ಫಟ್. (ಅಲ್ಲಿ ನಿಂತಿದ್ದಕ್ಕೆ ಕೆಂಪು ಬಾಳೆಹಣ್ಣಾದರೂ ಸಿಕ್ಕವು. ಮದುವೆ ಊಟ ಸಿಗಲಿಲ್ಲ.)

ಆ ಬೇವಿನ ಗಿಡದ ಕೆಳಗೆ ನಡೆದದ್ದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಷ್ಟು ಹೊತ್ತಿನಲ್ಲಿ ಎರಡು ಸಂಗತಿ ಆಗಿದ್ದವು. ಒಂದು, ಪ್ಲಗ್ ಬದಲಾಗಿತ್ತು. ಎರಡು, ಇಂಜಿನ್ ತಣ್ಣಗಾಗಿತ್ತು. ಕೆಲಸ ಮಾಡಿದ್ದು ಎರಡನೆಯದು, ಹೆಸರು ಬಂದದ್ದು ಮೊದಲನೆಯದಕ್ಕೆ. ಯಾಕೆಂದರೆ ಪ್ಲಗ್ ಬದಲಾದದ್ದು ಎಲ್ಲರ ಕಣ್ಣಿಗೆ ಕಂಡಿತ್ತು. ತಣ್ಣಗಾಗುವುದು ಯಾರಿಗೆ ಕಾಣುತ್ತದೆ? ಕಲಬುರಗಿಗೆ ಬಂದ ಮೇಲೂ ಇದೇ ಕಥೆ. ನಿಂತ ಗಾಡಿಯನ್ನು ತಳ್ಳಿಕೊಂಡೋ ಟಂಟಂನಲ್ಲಿ ಹೇರಿಕೊಂಡೋ ವರ್ಕ್‌ಶಾಪಿಗೆ ಒಯ್ಯುವುದು. ಅಲ್ಲಿ ಪಾಳಿ ಬರುವ ಹೊತ್ತಿಗೆ ಅದು ತಣ್ಣಗಾಗಿರುವುದು. ಒಬ್ಬರು ಕಾಯಿಲ್ ಹಾಕಿದರು, ಚಾಲೂ ಆಯಿತು. ಇನ್ನೊಬ್ಬರು ಕೀಲಿ ಸ್ವಿಚ್ಚು ಹಾಕಿದರು, ಚಾಲೂ ಆಯಿತು. ಮತ್ತೊಬ್ಬರು ಕಾರ್ಬೋರೇಟರ್ ಬಿಚ್ಚಿ ತೊಳೆದರು, ಅದಕ್ಕೂ ಚಾಲೂ ಆಯಿತು! ಹಾಕಿದ ಪ್ರತಿ ಸಾಮಾನೂ ಗೆದ್ದ ಹಾಗೆ ಕಂಡಿತು. ಇವರು ಯಾರೂ ಮೋಸ ಮಾಡಿದವರಲ್ಲ. ಅವರ ಕಣ್ಣೆದುರೇ ಗಾಡಿ ರಿಪೇರಿಯಾಗಿತ್ತು.

ಕರೆಂಟಿನ ದಾರಿ

ಇಲ್ಲಿ ಸ್ವಲ್ಪ ಒಳಗಿನ ಮಾತು. ಗೊತ್ತಿರುವವರು ಮುಂದಿನ ಭಾಗಕ್ಕೆ ಹೋಗಬಹುದು.

ಪಾಯಿಂಟ್ ಇಗ್ನಿಷನ್ ಅನ್ನುವುದು 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ಕಾರುಗಳಿಗೆಂದು ಮಾಡಿದ, ಪೆಟ್ರೋಲಿಗೆ ಕಿಡಿ ಹಚ್ಚುವ ಏರ್ಪಾಟು. ದಶಕಗಳ ಕಾಲ ಲೋಕದ ಗಾಡಿಗಳೆಲ್ಲ ಹೆಚ್ಚುಕಮ್ಮಿ ಅದರ ಮೇಲೇ ಓಡಿದವು. ಬ್ಯಾಟರಿಯಿಂದ ಹೊರಟ ಕರೆಂಟು ಕೀಲಿ ದಾಟಿ, ಕಾಯಿಲ್ಲಿನ ದಪ್ಪ ತಂತಿ ಸುತ್ತುಗಳ ಮೂಲಕ ಪಾಯಿಂಟಿಗೆ ಬರುತ್ತದೆ. ಪಾಯಿಂಟ್ ಅಂದರೆ ಒಂದನ್ನೊಂದು ಮುಟ್ಟುವ ಎರಡು ಪುಟ್ಟ ಲೋಹದ ತುದಿ. ಅವು ಮುಟ್ಟಿರುವಷ್ಟು ಹೊತ್ತು ಕರೆಂಟು ಹರಿದು ಬಾಡಿಗೆ, ಅಂದರೆ ಅರ್ತಿಗೆ, ಸೇರುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಕ್ಯಾಮ್, ಅಂದರೆ ತಿರುಗುವ ಒಂದು ಉಬ್ಬು, ಆ ತುದಿಗಳನ್ನು ಬಿಡಿಸುತ್ತದೆ. ಹರಿಯುವ ಕರೆಂಟು ಥಟ್ಟನೆ ಕಡಿದದ್ದಕ್ಕೆ ಕಾಯಿಲ್ಲಿನ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮೇಲೆ ಹುಟ್ಟಿ ಪ್ಲಗ್ಗಿನಲ್ಲಿ ಸಿಡಿಯುತ್ತದೆ. ಇದರಲ್ಲಿ ಜೀವ ಇರುವುದು ಆ 'ಥಟ್ಟನೆ' ಅನ್ನುವುದರಲ್ಲಿ. ನಿಧಾನವಾಗಿ ಕಡಿದರೆ ಪ್ಲಗ್ಗಿಗೆ ಏನೂ ಸಿಗುವುದಿಲ್ಲ.

ಆದರೆ ಕರೆಂಟು ಸುಲಭಕ್ಕೆ ಕಡಿಯಲು ಒಪ್ಪುವುದಿಲ್ಲ. ಪಾಯಿಂಟ್ ಬಿಟ್ಟ ಕೂಡಲೇ ಆ ಸಂದಿಯಲ್ಲೇ ಜಿಗಿಯಲು ನೋಡುತ್ತದೆ. ಅದನ್ನು ತಡೆಯುವುದಕ್ಕೇ ಕಂಡೆನ್ಸರ್ ಇರುವುದು. ಬೆರಳಿನ ಒಂದು ಗಿಣ್ಣಿನಷ್ಟು ಉದ್ದದ ತಗಡಿನ ಗುಂಡು ಡಬ್ಬಿ, ಒಂದು ವೈರು, ಒಳಗೆ ಸುತ್ತಿಟ್ಟ ತೆಳು ಹಾಳೆ. 0.2 ಮೈಕ್ರೋಫ್ಯಾರಡ್ ಆಸುಪಾಸಿನದು. ಜಿಗಿಯಲು ಹೊರಟ ಕರೆಂಟನ್ನು ಅದು ಗಳಿಗೆ ಮಟ್ಟಿಗೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಪಾಯಿಂಟ್ ಸಾಕಷ್ಟು ದೂರ ಸರಿದಿರುತ್ತದೆ. ಕಂಡೆನ್ಸರ್ ಕೈಕೊಟ್ಟರೆ ಪ್ಲಗ್ಗಿನಲ್ಲಿ ಬರಬೇಕಾದ ಸ್ಪಾರ್ಕ್ ಪಾಯಿಂಟಿನಲ್ಲಿ ಬರುತ್ತದೆ. ಬುಲೆಟ್ಟಿನಲ್ಲಿ ಈ ಪಾಯಿಂಟಿನ ಮನೆ ಇರುವುದು ಬಲಗಡೆ, ಸಿಲಿಂಡರಿನ ಬೆನ್ನಿಗೆ. ಕಂಡೆನ್ಸರ್ ಕೂಡ ಅದೇ ಮನೆಯೊಳಗೆ. ಕಾವಿಗೆ ಹೆದರುವ ಸಾಮಾನನ್ನು ಚೆನ್ನಾಗಿ ಬಿಸಿಯಾಗುವ ಜಾಗದಲ್ಲೇ ಇಟ್ಟಿದ್ದಾರೆ. ವಿಲಾಯತಿಯ ಚಳಿಯಲ್ಲಿ ಹುಟ್ಟಿದ ಗಾಡಿ, ಜೇವರ್ಗಿ ರಸ್ತೆಯ ಮೇ ತಿಂಗಳನ್ನು ಯಾರು ಎಣಿಸಿದ್ದರು?

ಉಸ್ತಾದರು

ಕೊನೆಗೆ ಯಾರೋ ಹೇಳಿದರು ಅಂತ ಗಂಜ್ ಮಾರುಕಟ್ಟೆಯ ಹಿಂದೆ ಒಬ್ಬ ಹಳೇ ಮಿಸ್ತ್ರಿಯ ಹತ್ತಿರ ಹೋದೆವು. ವಯಸ್ಸಾದವರು. ಎಲ್ಲರೂ ಉಸ್ತಾದ್ ಅನ್ನುತ್ತಾರೆ, ನಾನು ಚಾಚಾ ಅಂತಿದ್ದೆ. ಅಂಗಡಿ ಅಂದರೆ ನಾಲ್ಕು ತಗಡು, ನೆಲಕ್ಕೆ ಶಹಾಬಾದ್ ಕಲ್ಲು, ಒಂದು ಸ್ಟೂಲು. ಕಾಕಾ ಶುರುವಿನಿಂದ ಕಥೆ ಹೇಳಿದರು. ಏನೇನು ಬದಲಾಯಿಸಿದ್ದಾಯಿತು ಅಂತ ಪಟ್ಟಿ ಒಪ್ಪಿಸಿದರು. ಚಾಚಾ ಪೂರ್ತಿ ಕೇಳಿ ಒಂದೇ ಮಾತು ಹೇಳಿದರು.

"ಗೌಡ್ರ, ಇದು ಈಗ ಥಂಡ್ ಅದ. ಥಂಡ್ ಗಾಡ್ಯಾಗ ನಾ ಏನ್ ನೋಡ್ಲಿ? ಬಿಸಿ ಮಾಡ್ಕೊಂಡ್ ಬರ್ರಿ."

ಅಷ್ಟು ಮಿಸ್ತ್ರಿಗಳಲ್ಲಿ ಕೆಟ್ಟ ಗಾಡಿಯನ್ನು ಕೆಟ್ಟ ಸ್ಥಿತಿಯಲ್ಲೇ ತೋರಿಸಿ ಅಂದವರು ಇವರೊಬ್ಬರೇ. ನಾನು ಮಧ್ಯಾಹ್ನದ ಬಿಸಿಲಲ್ಲಿ ರಿಂಗ್ ರಸ್ತೆಗೆ ಹೋಗಿ ಸುತ್ತಿ ಬಂದೆ. ಅಂಗಡಿ ಮುಂದೆ ಬಿಸಿಲಲ್ಲೇ ಚಾಲೂ ಇಟ್ಟು ನಿಲ್ಲಿಸಿದೆವು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮಿಸ್, ಫಟ್, ಬಂದ್. ನನ್ನ ಕೈ ಅಭ್ಯಾಸಬಲದಿಂದ ಪ್ಲಗ್ ಪಾನಾಕ್ಕೆ ಹೋಯಿತು. ಚಾಚಾ ಸ್ಟೂಲಿನಿಂದ ಏಳದೆ ಅಂದರು, "ಏ ತಮ್ಮಾ, ಪಾನಾ ಇಡು. ಮೊದ್ಲು ಮುಳ್ಳು ನೋಡು."

ಹಳೆ ಬುಲೆಟ್ಟಿನ ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಗುಂಡು ಮೀಟರ್ ಇರುತ್ತದೆ. ಆಂಪಿಯರ್ ಮೀಟರ್. ಅರ್ಧ ಜನರಿಗೆ ಅದು ಶೋಕಿ ಸಾಮಾನು. ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್, ನಡುವೆ ಮುಳ್ಳು. ಕೀಲಿ ತಿರುವಿದೆ. ಮುಳ್ಳು ಮೈನಸ್ ಕಡೆಗೆ ವಾಲಿ ನಿಂತಿತು. "ಈಗ ಡಿಕಂಪ್ರೆಸರ್ ಹಿಡ್ಕೊಂಡು ಕಿಕ್ ಸಾವಕಾಶ ಒತ್ತು." ಸಿಲಿಂಡರಿನ ಒತ್ತಡ ಬಿಡುವ ಎಡಗೈಯ ಸಣ್ಣ ಲಿವರ್ ಎಳೆದು, ಕಿಕ್ಕರ್ ಮೇಲೆ ಪಾದ ಇಟ್ಟು ಮೆಲ್ಲಗೆ ಒತ್ತಿದೆ. ಒಂದು ಜಾಗಕ್ಕೆ ಬಂದ ಕೂಡಲೇ ಮುಳ್ಳು ಟಕ್ ಅಂತ ನಡುವಿಗೆ ಬಂತು. ಇನ್ನಷ್ಟು ಒತ್ತಿದೆ, ಮತ್ತೆ ಮೈನಸ್ಸಿಗೆ. ಇಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಹಾಗೆ ನಡುವಿಗೆ ಬರುತ್ತದೆ.

"ಏನ್ ತಿಳೀತು?" ಅಂದರು ಚಾಚಾ. ನಾನು ಸುಮ್ನೆ ನಿಂತೆ. ಅವರೇ ಹೇಳಿದರು. ಮುಳ್ಳು ವಾಲಿತು ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಕೀಲಿ ದಾಟಿದೆ, ವೈರು ದಾಟಿದೆ, ಕಾಯಿಲ್ಲಿನ ದಪ್ಪ ಸುತ್ತು ದಾಟಿದೆ, ಪಾಯಿಂಟ್ ದಾಟಿ ಅರ್ತಿಗೆ ಮುಟ್ಟಿದೆ. ಮುಳ್ಳು ನಡುವಿಗೆ ಬಂತು ಅಂದರೆ ಪಾಯಿಂಟ್ ಸರಿಯಾಗಿ ತೆರೆಯುತ್ತಿದೆ, ಕಂಡೆನ್ಸರ್ ಒಳಗೊಳಗೇ ಶಾರ್ಟ್ ಆಗಿಲ್ಲ. ಒಂದೂ ಬೋಲ್ಟ್ ಬಿಚ್ಚದೆ ಅರ್ಧ ಗಾಡಿ ಲೆಕ್ಕದಿಂದ ಹೊರಗೆ ಬಿತ್ತು. ಮುಳ್ಳು ಅಲ್ಲಾಡದೇ ಇದ್ದಿದ್ದರೆ ಬ್ಯಾಟರಿ, ಫ್ಯೂಸ್, ಕೀಲಿ, ಪಾಯಿಂಟಿನ ಮೇಲೆ ಕೂತ ಕೊಳೆ, ಈ ಕಡೆ ಹೋಗಬೇಕಿತ್ತು. ವಾಲಿದ್ದು ವಾಪಸ್ ಬರದೇ ಇದ್ದಿದ್ದರೆ ಪಾಯಿಂಟ್ ಗ್ಯಾಪು, ಇಲ್ಲವೇ ಶಾರ್ಟ್ ಆದ ಕಂಡೆನ್ಸರ್. ನಮ್ಮದು ಎರಡೂ ಅಲ್ಲ. ಉಳಿದದ್ದು ನಾಲ್ಕೇ. ಕಾಯಿಲ್ಲಿನ ಸಣ್ಣ ಸುತ್ತು, ಪ್ಲಗ್ಗಿನ ದಪ್ಪ ವೈರು, ಪ್ಲಗ್ಗು, ಬೇರೆ ರೀತಿಯಲ್ಲಿ ಸತ್ತ ಕಂಡೆನ್ಸರು.

ಆಮೇಲೆ ಅವರು ಪಾಯಿಂಟಿನ ಮುಚ್ಚಳ ತೆಗೆದರು. ಬಿಸಿಲಲ್ಲಿ ಸ್ಪಾರ್ಕ್ ಕಾಣುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತಲೆಗೂ ಗಾಡಿಗೂ ಸೇರಿಸಿ ಹೊದ್ದುಕೊಂಡು ಒಳಗೆ ಬಗ್ಗಿದರು. "ಹೊಡಿ." ನಾನು ಕಿಕ್ ಹೊಡೆದೆ. "ಇನ್ನೊಂದ್ ಹೊಡಿ." ಟವೆಲ್ ಒಳಗಿಂದಲೇ ನನ್ನನ್ನು ಕರೆದು ತೋರಿಸಿದರು. ಈಗ ಕಾಕಾ ಕಿಕ್ ಹೊಡೆದರು, ನಾನು ನೋಡಿದೆ. ಪಾಯಿಂಟ್ ಬಿಟ್ಟಾಗಲೆಲ್ಲ ಅಕ್ಕಿ ಕಾಳಿನಷ್ಟು ನೀಲಿ ಬಿಳಿ ಬೆಂಕಿ, ಚಟ್ ಚಟ್ ಅಂತ. ಚೆನ್ನಾಗಿರುವ ಗಾಡಿಯಲ್ಲೂ ಅಲ್ಲಿ ಕಣ್ಣಿಗೆ ಬೀಳದಷ್ಟು ಒಂದು ಕಿಡಿ ಇರುತ್ತದಂತೆ. ಇಷ್ಟು ದಪ್ಪ ಇರಬಾರದು. ಇಷ್ಟು ಹೊಸ ಪಾಯಿಂಟಿನ ಮುಖ ಆಗಲೇ ಸುಟ್ಟು ಬೂದಿ ಬಣ್ಣ ತಿರುಗಿತ್ತು, ಒಂದು ತುದಿಯಲ್ಲಿ ಸಣ್ಣ ಗುಳಿ, ಇನ್ನೊಂದರಲ್ಲಿ ಸಣ್ಣ ಗಂಟು.

ಚಾಚಾ ಒಳಗೆ ಹೋಗಿ ಒಂದು ಹಳೆ ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ಬೇರೆ ಬೇರೆ ಗಾಡಿಗಳಿಂದ ಬಿಚ್ಚಿದ ಹಳೇ ಕಂಡೆನ್ಸರುಗಳು. ಒಂದನ್ನು ಆರಿಸಿದರು. ನಮ್ಮ ಕಂಡೆನ್ಸರಿನ ವೈರನ್ನು ಕಳಚಿ ಬದಿಗೆ ಮಡಚಿ, ಹಳೆಯದರ ವೈರನ್ನು ಪಾಯಿಂಟಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿನ ಒಂದು ಬೋಲ್ಟಿಗೆ ತಂತಿಯಿಂದ ಬಿಗಿದರು. ಇಂಜಿನ್ ಇನ್ನೂ ಕುದಿಯುತ್ತಿತ್ತು. ಒಂದೇ ಕಿಕ್ಕು, ಎದ್ದಿತು.

ಕಾಕಾ ಕೈ ಮುಗಿದು, "ಆಯ್ತ್ ಬಿಡು ಉಸ್ತಾದ್, ಕಂಡೆನ್ಸರ್ ಹಾಕಿ ಮುಗ್ಸು" ಅಂದರು. ಚಾಚಾ ಮುಗಿಸಲಿಲ್ಲ. ಗಾಡಿ ಬಂದ್ ಮಾಡಿ, ಹಳೇದನ್ನು ಕಳಚಿ, ನಮ್ಮ ಕಂಡೆನ್ಸರನ್ನೇ ಮತ್ತೆ ಸೇರಿಸಿದರು. ಕಿಕ್ ಹೊಡೆಸಿದರು. ಗಾಡಿ ಏಳಲಿಲ್ಲ. ಮತ್ತೆ ಡಬ್ಬಿಯದನ್ನು ಹಾಕಿದರು. ಎದ್ದಿತು. "ಈಗ ಆಯ್ತು" ಅಂದರು.

ಇಡೀ ಬೇಸಿಗೆಯಲ್ಲಿ ನಾನು ಕಂಡ ದೊಡ್ಡ ಕೆಲಸ ಇದೇ. ರಿಪೇರಿಯಾದ ಗಾಡಿಯನ್ನು ಬೇಕಂತಲೇ ಮತ್ತೆ ಕೆಡಿಸಿ ನೋಡುವುದು. ಕೆಟ್ಟದ್ದನ್ನು ಮತ್ತೆ ಹಾಕಿದಾಗ ಮತ್ತೆ ಕೆಡಬೇಕು. ಕೆಡದಿದ್ದರೆ ಕಾರಣ ಬೇರೆ ಎಲ್ಲೋ ಇದೆ. ಬೇವಿನ ಗಿಡದ ಕೆಳಗೆ ಹಳೇ ಪ್ಲಗ್ಗನ್ನೇ ತಿರುಗಿ ಹಾಕಿ ಒಂದು ಕಿಕ್ ಹೊಡೆದಿದ್ದರೆ, ಎದ್ದಿರುತ್ತಿತ್ತು. ಆ ಹುಡುಗನ ಪ್ಲಗ್ ಅವನ ಡಿಕ್ಕಿಯಲ್ಲೇ ಉಳಿಯುತ್ತಿತ್ತು.

ಇನ್ನೊಂದು ವಿಷಯ. ಆ ಕೆಟ್ಟ ಕಂಡೆನ್ಸರ್ ಚಳಿಗಾಲದಲ್ಲಿ ಹಾಕಿಸಿದ ಹೊಸದು. ಯಾವ ಕಂಪನಿಯದು ಅಂತ ಡಬ್ಬಿಯಲ್ಲೂ ಇರಲಿಲ್ಲ. ಹಾಗಾಗಿಯೇ ಯಾರೂ ಅದನ್ನು ಅನುಮಾನಿಸಿರಲಿಲ್ಲ. "ಅದು ಈಗ್ಲೇ ಹಾಕ್ಸೀವಿ ಬಿಡ್ರಿ" ಅಂತ ಕಾಕಾ ಪ್ರತಿ ಅಂಗಡಿಯಲ್ಲೂ ಹೇಳಿ ಹೇಳಿ ಅದಕ್ಕೆ ರಕ್ಷಣೆ ಕೊಟ್ಟಿದ್ದರು. ಚಾಚಾ ಡಬ್ಬಿಯಲ್ಲಿದ್ದವು ಮಾತ್ರ ಎಷ್ಟೋ ಬೇಸಿಗೆ ಉಂಡು ಉಳಿದಂಥವು.

ಬಲ್ಬು ಸಾಕು

ಅದಾದ ಮೇಲೆ ಚಾಚಾನ ಅಂಗಡಿಗೆ ಸುಮ್ನೆ ಹೋಗಿ ಕೂರುವುದು ರೂಢಿಯಾಯಿತು. ನನ್ನ ಹತ್ತಿರ ಡಿಜಿಟಲ್ ಮಲ್ಟಿಮೀಟರ್ ಇತ್ತು. ಚಾಚಾನ ಹತ್ತಿರ ಇದ್ದದ್ದು ಎರಡು ವೈರು ಬೆಸೆದ 12 ವೋಲ್ಟಿನ ಇಂಡಿಕೇಟರ್ ಬಲ್ಬು. ಒಂದು ದಿನ ಬೀದರಿನಿಂದ ಒಬ್ಬರು ಗಾಡಿ ತಂದಿದ್ದರು. ಕಿಕ್ಕಿಗೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ನಾನು ಮೀಟರ್ ಹಿಡಿದು ಕಾಯಿಲ್ ಹತ್ತಿರ ನೋಡಿದೆ, 12ಕ್ಕೂ ಮೇಲೆ ತೋರಿಸಿತು. ಕರೆಂಟ್ ಬರುತ್ತಿದೆ ಅಂದೆ. ಚಾಚಾ ಅದೇ ಜಾಗಕ್ಕೆ ಬಲ್ಬು ಹಿಡಿದರು. ಬಲ್ಬಿನೊಳಗಿನ ತಂತಿ ಬರೀ ಕೆಂಪಗಾಯಿತು, ಬೆಳಗಲಿಲ್ಲ.

ಇದರ ಗುಟ್ಟು ಸರಳ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬು ಕೆಲಸ ಕೇಳುತ್ತದೆ. ಕಾಯಿಲ್ ಕೂಡ ಹಾಗೇ, 3 ಆಂಪಿಯರ್ ಹತ್ತಿರ ಬೇಕು ಅದಕ್ಕೆ. ಆ ಗಾಡಿಯಲ್ಲಿ ಕೀಲಿ ಸ್ವಿಚ್ಚಿನೊಳಗಿನ ತಾಮ್ರ ಸವೆದು ಕಪ್ಪಾಗಿತ್ತು. ಮಲ್ಟಿಮೀಟರ್ ಇರುವವರು ಬೇಜಾರಾಗಬೇಡಿ, ಅದರಲ್ಲೂ ದಾರಿ ಇದೆ. ಪಾಯಿಂಟ್ ಮುಚ್ಚಿರುವಾಗ ಕೀಲಿ ಹಾಕಿ, ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಕಾಯಿಲ್ಲಿಗೆ ಕರೆಂಟ್ ಬರುವ ತುದಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅಷ್ಟು ವೋಲ್ಟು ದಾರಿಯಲ್ಲೇ ಸೋರುತ್ತಿದೆ ಅಂತ. ಅರ್ತಿಗೂ ಹೀಗೇ ನೋಡಬಹುದು. ಹೊಸ ಬಣ್ಣ ಹೊಡೆಸಿದ ಗಾಡಿಗಳಿಗೆ ಇದು ಬೇಕೇ ಬೇಕು. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದವರು ಬ್ಯಾಟರಿಯ ಅರ್ತ್ ವೈರನ್ನು ಆ ಚಂದದ ಬಣ್ಣದ ಮೇಲೇ ಬಿಗಿಯುತ್ತಾರೆ. ಬಣ್ಣದ ಮೂಲಕ ಕರೆಂಟ್ ಹೋಗುವುದಿಲ್ಲ. ಆ ಒಂದು ಬೋಲ್ಟಿನ ಕೆಳಗೆ ಮಾತ್ರ ಕೆರೆದು ಕಬ್ಬಿಣ ಕಾಣಿಸಬೇಕು. ಅದಕ್ಕೆ ಮಾಲೀಕರನ್ನು ಒಪ್ಪಿಸುವುದೇ ಚಾಚಾಗೆ ದೊಡ್ಡ ಕೆಲಸ.

ಇನ್ನೂ ಕೆಲವು ಮಾತು ಆ ಸ್ಟೂಲಿನ ಪಕ್ಕ ಕೂತು ಕೇಳಿದ್ದು. ಪಾಯಿಂಟನ್ನು ಪಾಲಿಶ್ ಪೇಪರ್ ಹಾಕಿ ತಿಕ್ಕಿ ಹಾಗೇ ಬಿಡಬೇಡಿ, ಅದರ ಮರಳಿನ ಕಣ ಅಲ್ಲೇ ಕೂರುತ್ತದೆ. ಕೊನೆಗೆ ಒಂದು ಗಟ್ಟಿ ಕಾಗದ ತೂರಿಸಿ ಎಳೆಯಿರಿ, ಲಗ್ನಪತ್ರಿಕೆಯ ತುಂಡಾದರೂ ನಡೆದೀತು. ಗ್ಯಾಪು 0.35ರಿಂದ 0.40 ಮಿಲಿಮೀಟರ್. ಇಂಜಿನ್ ಬಂದ್ ಇರುವಾಗ ಕೀಲಿ ಆನ್ ಇಟ್ಟು ಮಾತಾಡುತ್ತಾ ನಿಲ್ಲಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಪ್ಲಗ್ ಹೊರಗೆ ಇಟ್ಟಾಗ ಸ್ಪಾರ್ಕ್ ಬಂತು ಅಂತ ಹಿಗ್ಗಬೇಡಿ. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಜಿಗಿಯುವುದು ಬಹಳ ಕಷ್ಟ, ಬಡಕಲು ಸ್ಪಾರ್ಕ್ ಅಲ್ಲಿ ಸಾಯುತ್ತದೆ. ಹಾಗೆ ನೋಡುವಾಗ ಪ್ಲಗ್ಗನ್ನು ಪ್ಲಗ್ಗಿನ ತೂತಿನಿಂದ ದೂರ ಇಡಿ. ಒಳಗಿನ ಪೆಟ್ರೋಲ್ ಹಬೆ ಹೊರಗೆ ಬರುತ್ತಿರುತ್ತದೆ.

ನೋಡಿದ್ದಕ್ಕೆ ರೊಕ್ಕ

ಮತ್ತೆ ಮೊದಲಿನ ಪ್ರಶ್ನೆಗೆ. ನನಗೆ ಅನಿಸುವುದು, ಬದಲಾಯಿಸುವ ಚಟ ಮಿಸ್ತ್ರಿಗಳದ್ದಲ್ಲ. ನಮ್ಮದು. ಅಂಗಡಿಯಲ್ಲಿ ಕೂತಾಗ ಇದನ್ನು ನಾನೇ ನೋಡಿದ್ದೇನೆ. ಒಬ್ಬರ ಗಾಡಿಯನ್ನು ಚಾಚಾ ಒಂದು ತಾಸು ಹಿಡಿದು ನೋಡಿದರು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಕೆಳಗೆ ಸಡಿಲಾದ ಒಂದು ವೈರಿನ ಜೋಡಣೆ. ಒತ್ತಿ ಕೂರಿಸಿದರು, ಟೇಪ್ ಸುತ್ತಿದರು, ಮುಗೀತು. ರೊಕ್ಕ ಹೇಳಿದಾಗ ಅವರು ಕೇಳಿದರು, "ಏನೂ ಹಾಕೇ ಇಲ್ಲಲ್ರಿ ಉಸ್ತಾದ್, ಇಷ್ಟ್ ಯಾತರದು?" ಚಾಚಾ ಕೈ ಒರೆಸಿಕೊಳ್ಳುತ್ತಾ, "ಹಾಕಿಲ್ಲ ಅಂತೇ ಇಷ್ಟ್ ಕಮ್ಮಿ ಆಗ್ಯಾದ್ರಿ" ಅಂದರು. ಅವರು ನಗಲಿಲ್ಲ. ಗೊಣಗುತ್ತಲೇ ಕೊಟ್ಟು ಹೋದರು.

ಅದೇ ಮನುಷ್ಯ ಕಾಯಿಲ್ಲಿಗೆ ಇದರ ನಾಲ್ಕು ಪಟ್ಟು ಕೊಟ್ಟು ಖುಷಿಯಾಗಿ ಹೋಗುತ್ತಿದ್ದರು. ಕೈಯಲ್ಲಿ ಖಾಲಿ ಡಬ್ಬಿ ಇರುತ್ತದೆ, ಹಳೇ ಕಾಯಿಲ್ ಇರುತ್ತದೆ, ರೊಕ್ಕ ಎಲ್ಲಿ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ನಮ್ಮ ಹಳ್ಳಿಗಳ ಕಡೆ ಸೂಜಿ ಮಾಡದ ಡಾಕ್ಟರಿಗೆ ಫೀಸು ಕೊಡಲು ಮನಸ್ಸು ಬರುವುದಿಲ್ಲ ಅಲ್ವಾ, ಹಾಗೆ. ಇದನ್ನು ಎಂಟು ಹತ್ತು ಸಲ ಅನುಭವಿಸಿದ ಯಾವ ಮಿಸ್ತ್ರಿಯೂ ಏನು ಮಾಡುತ್ತಾನೆ? ತಾಸುಗಟ್ಟಲೆ ಮುಳ್ಳು ನೋಡುತ್ತಾ ಕೂರುವ ಬದಲು ಕಾಯಿಲ್ ಹಾಕಿ ಕಳಿಸುತ್ತಾನೆ. ಅವನಿಗೂ ಮನೆ ಇದೆ. ಅದೂ ಅಲ್ಲದೆ, ಕಾದಾಗ ಮಾತ್ರ ಬರುವ ದೋಷವನ್ನು ಹಿಡಿಯಬೇಕಾದರೆ ಅಂಗಡಿ ಮುಂದಿನ ಜಾಗವನ್ನು ಅರ್ಧ ದಿನ ಒಂದೇ ಗಾಡಿಗೆ ಬಿಟ್ಟುಕೊಡಬೇಕು. ಆ ಜಾಗದ ಬಾಡಿಗೆ ಯಾರು ಕೊಡುತ್ತಾರೆ? ಚಾಚಾಗೆ ಇದು ಹೇಗೆ ಸಾಧ್ಯವಾಯಿತು ಅಂದರೆ, ಮಕ್ಕಳು ದುಡಿಯುತ್ತಿದ್ದರು, ಅಂಗಡಿ ಸ್ವಂತದ್ದು. ಅವರ ತಾಳ್ಮೆಯನ್ನು ಹೊಗಳುವಾಗ ಇದನ್ನೂ ಸೇರಿಸಿ ಹೇಳಬೇಕು.

ಕಾಕಾನ ಗಾಡಿಗೆ ಕೊನೆಗೆ ಒಂದು ಒಳ್ಳೆಯ ಕಂಡೆನ್ಸರ್ ಸಿಕ್ಕಿತು. ಚಾಚಾ ಅದನ್ನು ಮೊದಲಿನ ಜಾಗದಲ್ಲಿ ಹಾಕಲಿಲ್ಲ. ಪಾಯಿಂಟಿನಿಂದ ಒಂದು ವೈರು ಎಳೆದು, ಕಂಡೆನ್ಸರನ್ನು ಇಂಜಿನ್ನಿನ ಕಾವಿನಿಂದ ದೂರ, ಕಾಯಿಲ್ಲಿನ ಪಕ್ಕ ಬಿಗಿದರು. ವೈರಿಂಗಿನ ಲೆಕ್ಕದಲ್ಲಿ ಎರಡೂ ಒಂದೇ. ಕಾಯಿಲ್ಲಿನ ಆ ತುದಿಯೂ ಪಾಯಿಂಟೂ ಒಂದೇ ವೈರಿನ ಎರಡು ಕೊನೆ. ಅದರ ಮೈಗೆ ಅರ್ತ್ ಸರಿಯಾಗಿ ಸಿಕ್ಕರೆ ಸಾಕು. ಮುಂದಿನ ಮೇ ತಿಂಗಳಲ್ಲಿ ಹುಮನಾಬಾದಿಗೆ ಹೋಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ.

ಕಾಕಾಗೆ ಮಾತ್ರ ಆ ಹೊರಗಿನ ವೈರು ಇನ್ನೂ ಸರಿಬಂದಿಲ್ಲ. ಕಂಪನಿ ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಯಾಕೆ ಅಂತ ಅವರ ವಾದ. ಪಾಯಿಂಟೇ ಬೇಡ, ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡೋಣ ಅಂತ ನಾನು ಒಮ್ಮೆ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅವರ ಭಯದಲ್ಲೂ ಹುರುಳಿಲ್ಲದಿಲ್ಲ. ಕಿಟ್ಟು ನಡುದಾರಿಯಲ್ಲಿ ಸತ್ತರೆ ಲಗ್ನಪತ್ರಿಕೆ ತೂರಿಸಿ ಬದುಕಿಸಲು ಬರುವುದಿಲ್ಲ. ಸದ್ಯಕ್ಕೆ ಒಂದು ಒಪ್ಪಂದ ಆಗಿದೆ. ಕಂಡೆನ್ಸರ್ ಕಾಯಿಲ್ ಪಕ್ಕದಲ್ಲೇ ಇರುತ್ತದೆ, ಹೊರಗಿನಿಂದ ಕಾಣದ ಹಾಗೆ ವೈರಿಗೆ ಕಪ್ಪು ಸ್ಲೀವ್ ಹಾಕಿಸಬೇಕು. ಸ್ಲೀವ್ ಇನ್ನೂ ತಂದಿಲ್ಲ.